ಜೆಲ್ ಕ್ಯಾಂಡಲ್ ಮತ್ತು ಒಂದು ಸ್ಟೀಲ್ ತಟ್ಟೆ

ನನ್ನ ಮೊದಲ ಜೆಲ್ ಕ್ಯಾಂಡಲ್ ಹಚ್ಚಿದ ದಿನವೇ ಅದರ ಮೇಲೆ ಸ್ಟೀಲ್ ತಟ್ಟೆ ಮುಚ್ಚಬೇಕಾಯಿತು. ಗಾಜಿನ ಲೋಟ, ಒಳಗೆ ನೀರಿನಂಥ ತಿಳಿ ಜೆಲ್, ಅದರಲ್ಲಿ ಒಣಗಿಸಿದ ಗುಲಾಬಿ ಪಕಳೆ. ನೋಡೋಕೆ ಬಲು ಚೆಂದ. ಅರ್ಧ ಗಂಟೆ ಉರಿಯುವಷ್ಟರಲ್ಲಿ ಮೇಲಿನ ಜೆಲ್ ಕರಗಿತು. ಒಂದು ಪಕಳೆ ತೇಲಿಕೊಂಡು ಬತ್ತಿಯ ಹತ್ತಿರ ಬಂತು, ಅದಕ್ಕೂ ಉರಿ ಹತ್ತಿತು. ಒಂದು ಬತ್ತಿ ಇದ್ದ ಕಡೆ ಮೂರಾಯಿತು. ಮಗಳು ನೀರಿನ ಚೊಂಬು ಎತ್ತಿಕೊಂಡು ಓಡಿ ಬಂದಳು. "ನೀರು ಬೇಡ ಪುಟ್ಟಿ!" ಅಂತ ಕೂಗಿ, ಕೈಗೆ ಸಿಕ್ಕ ತಟ್ಟೆ ಮುಚ್ಚಿದೆ. ಗಾಳಿ ಸಿಗದೆ ಆರಿಹೋಯಿತು. ಲೋಟದ ಅಂಚಿಗೆ ಮಸಿ ಹಿಡಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ನೀರು ಬೇಡ ಅಂತ ಹೊಳೆದದ್ದು ಅಮ್ಮನ ಪುಣ್ಯ. ಒಗ್ಗರಣೆ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಬೇಕು ಅಂತ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಆಮೇಲೆ ಕೂತು ಓದಿದಾಗ ಗೊತ್ತಾಯಿತು, ಈ ಜೆಲ್ ಕೂಡ ಎಣ್ಣೆಯೇ. ಮಾರುವವರು ಜೆಲ್ ವ್ಯಾಕ್ಸ್ ಅನ್ನುತ್ತಾರೆ, ಆದರೆ ಅದರಲ್ಲಿ ಮೇಣ ಇಲ್ಲ. ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಅಂತ ಸಿಗುತ್ತದಲ್ಲ, ಆ ಥರದ ಮಿನರಲ್ ಆಯಿಲ್‌ಗೆ ಒಂದಿಷ್ಟು ಪಾಲಿಮರ್ ಸೇರಿಸಿ ಗಟ್ಟಿ ಮಾಡಿರುತ್ತಾರೆ. ಇದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿರುವಾಗ ಎಷ್ಟು ಹುಷಾರಾಗಿ ಇರುತ್ತೇವೋ, ಇಲ್ಲೂ ಅಷ್ಟೇ.

ಕರಗಿಸುವುದರಲ್ಲೇ ನಾನು ಜಾಸ್ತಿ ಎಡವಿದ್ದು. ಅದಕ್ಕೆ ಮುಂಚೆ ಸಾದಾ ಮೇಣದ ಬತ್ತಿ ಮಾಡಿ ಗೊತ್ತಿತ್ತು. ಮೇಣ 60 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಹಾಗಾಗಿ ಕುದಿಯುವ ನೀರಿನೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಸಾಕು. ಜೆಲ್ಲನ್ನೂ ಹಾಗೇ ಇಟ್ಟೆ. ಒಂದು ಗಂಟೆಯಾದರೂ ಅದು ಬಾಂಬೆ ಹಲ್ವಾದ ಹಾಗೆ ಅಂಟಂಟಾಗಿ ಕೂತಿತ್ತು. ಜೆಲ್ ತೆಳ್ಳಗಾಗಿ ಸುರಿಯಲು ಬರಬೇಕಾದರೆ 95 ಡಿಗ್ರಿಯಾದರೂ ಬೇಕು. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಆ ಶಾಖ ಒಳಗಿನ ಪಾತ್ರೆಗೆ ಮುಟ್ಟುವುದು ಯಾವಾಗ! ಸಾಲದ್ದಕ್ಕೆ ಹಬೆಯ ಹನಿ ಜೆಲ್ಲಿಗೆ ಬೀಳುತ್ತದೆ.

ಈಗ ದಪ್ಪ ತಳದ ಸ್ಟೀಲ್ ಪಾತ್ರೆಯನ್ನು ನೇರವಾಗಿ ಇಂಡಕ್ಷನ್ ಸ್ಟವ್ ಮೇಲೆ ಇಡುತ್ತೇನೆ. ಗ್ಯಾಸ್ ಬೇಡ, ಬರಿಯ ಉರಿ ಹತ್ತಿರ ಇರುವುದು ನನಗೆ ಸರಿ ಕಾಣುವುದಿಲ್ಲ. ಜೆಲ್ಲನ್ನು ಕತ್ತರಿಯಿಂದ ಚಿಕ್ಕದಾಗಿ ಕತ್ತರಿಸಿ ಹಾಕಿ, ಸಣ್ಣ ಶಾಖದಲ್ಲಿ ನಿಧಾನಕ್ಕೆ ಕರಗಿಸುತ್ತೇನೆ. ಒಳಗೆ ಥರ್ಮಾಮೀಟರ್ ಇದ್ದೇ ಇರಬೇಕು. ಇದೊಂದರಲ್ಲಿ ಅಂದಾಜು ನಡೆಯುವುದಿಲ್ಲ. 95ರಿಂದ 105ರೊಳಗೆ ಕೆಲಸ ಮುಗಿಯುತ್ತದೆ. 110 ತೋರಿಸಿದರೆ ಸ್ಟವ್ ಆಫ್. ಬಾಗಿಲ ಬೆಲ್ ಆದರೂ ಮೊದಲು ಸ್ಟವ್ ಆಫ್, ಆಮೇಲೆ ಬಾಗಿಲು. ಪಾತ್ರೆಗೆ ಸರಿಹೊಂದುವ ಮುಚ್ಚಳ ಪಕ್ಕದಲ್ಲೇ ಇರುತ್ತದೆ. ಬಿಸಿ ಜೆಲ್ ಚರ್ಮಕ್ಕೆ ಬಿದ್ದರೆ ಬೆಲ್ಲದ ಪಾಕದ ಹಾಗೆ ಅಂಟಿಕೊಂಡು ಸುಡುತ್ತದೆ. ಕಿತ್ತು ತೆಗೆಯಲು ಹೋಗದೆ ಮೊದಲು ನಲ್ಲಿಯ ತಣ್ಣೀರಿಗೆ ಕೈ ಹಿಡಿಯಬೇಕು. ಒಮ್ಮೆ ಒಂದೇ ಹನಿ ಬಿದ್ದಿತ್ತು, ಆ ಕಲೆ ಹೋಗೋಕೆ ಮೂರು ವಾರ ಹಿಡಿಯಿತು.

ಒಳಗೆ ಏನು ಹಾಕಬೇಕು ಅನ್ನುವುದಕ್ಕೆ ಈಗ ನನ್ನ ಹತ್ತಿರ ಒಂದೇ ಪ್ರಶ್ನೆ: ಇದು ಉರಿಯುತ್ತದೆಯೇ? ಉರಿಯುವುದಾದರೆ ಬೇಡ. ಒಣ ಹೂವು, ದಾಲ್ಚಿನ್ನಿ, ಪ್ಲಾಸ್ಟಿಕ್ ಮೀನು, ಮಿನುಗುವ ಪ್ಲಾಸ್ಟಿಕ್ ಪುಡಿ ಎಲ್ಲ ಔಟ್. ಕಪ್ಪೆಚಿಪ್ಪು, ಗಾಜಿನ ಗೋಲಿ, ಬೆಣಚುಕಲ್ಲು, ಮರಳು ಇರಲಿ. ನಾನು ಮಲ್ಪೆ ಬೀಚಿನಲ್ಲಿ ಆರಿಸಿ ತಂದ ಚಿಪ್ಪುಗಳನ್ನೇ ಹಾಕುವುದು. ಮೊದಲ ಸಲ ತೊಳೆದು ಒಂದು ದಿನ ಬಿಸಿಲಿಗಿಟ್ಟು ಹಾಕಿದೆ. ಬಿಸಿ ಜೆಲ್ ಸುರಿದದ್ದೇ ತಡ, ಚಿಟಪಟ ಅಂತ ಸಾಸಿವೆ ಸಿಡಿದ ಹಾಗೆ! ಸುರುಳಿ ಚಿಪ್ಪಿನೊಳಗೆ ತೇವ ಉಳಿದಿತ್ತು. ಈಗ ಮೂರು ದಿನ ಒಣಗಿಸುತ್ತೇನೆ. ಆಮೇಲೂ ಒಂದೊಂದನ್ನೇ ಇಕ್ಕುಳದಲ್ಲಿ ಹಿಡಿದು, ಕರಗಿದ ಜೆಲ್ಲಿನಲ್ಲಿ ಗುಳ್ಳೆ ನಿಲ್ಲುವ ತನಕ ಅದ್ದಿ ತೆಗೆಯುತ್ತೇನೆ. ಮರಳನ್ನಂತೂ ಕಡಲೆಕಾಯಿ ಹುರಿಯುವ ಹಾಗೆ ಬಾಣಲೆಯಲ್ಲಿ ಹುರಿದು, ಆರಿಸಿ ಇಟ್ಟುಕೊಳ್ಳುತ್ತೇನೆ. ಮನೆಯವರು ನೋಡಿ ನಗುತ್ತಾರೆ.

ಆ ಮರಳು ಬರೀ ಚೆಂದಕ್ಕಲ್ಲ. ಲೋಟದ ತಳದಲ್ಲಿ ಅರ್ಧ ಇಂಚು ಮರಳು, ಅದರ ಮೇಲೆ ಬತ್ತಿಯನ್ನು ಹಿಡಿದು ನಿಲ್ಲಿಸುವ ಪುಟ್ಟ ತಗಡು. ಜೆಲ್ ಮುಗಿಯುತ್ತಾ ಬಂದಾಗ ಉರಿ ಗಾಜಿನ ತಳಕ್ಕೆ ಮುಟ್ಟುವ ಮೊದಲೇ ಆರುತ್ತದೆ, ಗಾಜು ಸೀಳುವುದಿಲ್ಲ. ಬತ್ತಿ ಒಳಗೆ ಸತುವಿನ ತಂತಿ ಇರುವುದು ಬೇಕು, ನೆಟ್ಟಗೆ ನಿಲ್ಲುತ್ತದೆ. ಮೇಣ ಸವರಿದ ದಾರದ ಬತ್ತಿ ಹಾಕಿದರೆ ಆ ಮೇಣ ಕರಗಿ ಸುತ್ತ ಬಿಳಿ ಮಬ್ಬು ಕಟ್ಟುತ್ತದೆ. ಲೋಟ ದಪ್ಪ ಗಾಜಿನದ್ದಿರಲಿ, ಬಾಯಿ ನಾಲ್ಕು ಬೆರಳಷ್ಟಾದರೂ ಅಗಲ ಇರಲಿ. ತೆಳು ಟೀ ಗ್ಲಾಸ್ ಖಂಡಿತ ಬೇಡ.

ಬಣ್ಣ, ವಾಸನೆ ಎರಡಕ್ಕೂ ಎಣ್ಣೆಯ ಲೆಕ್ಕವೇ. ಅಡುಗೆಯ ಕೇಸರಿ ಬಣ್ಣವನ್ನು ನೀರಲ್ಲಿ ಕಲಸಿ ಹಾಕಿದ ಬುದ್ಧಿವಂತೆ ನಾನು. ಬೆರೆಯಲೇ ಇಲ್ಲ, ತಳದಲ್ಲಿ ಕೆಂಪು ಮಣಿಗಳಾಗಿ ಕೂತಿತು. ಎಣ್ಣೆಯಲ್ಲಿ ಕರಗುವ ಕ್ಯಾಂಡಲ್ ಬಣ್ಣವೇ ಬೇಕು, ಅದೂ ಟೂತ್‌ಪಿಕ್ ತುದಿಯಷ್ಟು. ಸುಗಂಧದಲ್ಲಿ ಅಪಾಯ ಜಾಸ್ತಿ. ಜೆಲ್ಲಿನೊಂದಿಗೆ ಬೆರೆಯದ ಸುಗಂಧ ಅಲ್ಲಲ್ಲಿ ಪ್ರತ್ಯೇಕವಾಗಿ ನಿಂತು, ಉರಿ ಅಲ್ಲಿಗೆ ಬಂದಾಗ ಭಗ್ಗನೆ ಹತ್ತಬಹುದು. ಜೆಲ್ ಕ್ಯಾಂಡಲ್‌ಗೆ ಅಂತಲೇ ಮಾಡಿದ್ದನ್ನು, ಫ್ಲ್ಯಾಶ್ ಪಾಯಿಂಟ್ (ಅಂದರೆ ಅದರ ಆವಿಗೆ ಕಿಡಿ ತಾಗಿದರೆ ಉರಿ ಹತ್ತುವ ಶಾಖ) 77 ಡಿಗ್ರಿಗಿಂತ ಮೇಲಿದೆಯೇ ಅಂತ ಕೇಳಿ ತರಿಸುತ್ತೇನೆ. ಮೊದಲು ಒಂದು ಚಮಚ ಸುಗಂಧಕ್ಕೆ ಮೂರು ಚಮಚ ಲಿಕ್ವಿಡ್ ಪ್ಯಾರಾಫಿನ್ ಹಾಕಿ ಕಲಕಿ ನೋಡುತ್ತೇನೆ. ತಿಳಿಯಾಗಿದ್ದರೆ ಸರಿ. ನೀರು ಮಜ್ಜಿಗೆಯ ಹಾಗೆ ಮಬ್ಬಾದರೆ ಆ ಬಾಟಲಿ ವಾಪಸ್ ಕಪಾಟಿಗೆ. 200 ಗ್ರಾಂ ಜೆಲ್ಲಿಗೆ 6 ಗ್ರಾಂ ಸುಗಂಧ ನನ್ನ ಅಳತೆ.

ಸುರಿಯುವಾಗ ಲೋಟ ತಣ್ಣಗಿದ್ದರೆ ಗುಳ್ಳೆ ಜಾಸ್ತಿ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಲೋಟ ಓರೆ ಹಿಡಿದು, ಗೋಡೆಗುಂಟ ನಿಧಾನಕ್ಕೆ ಇಳಿಸುತ್ತೇನೆ. ನಾಲ್ಕಾರು ಗುಳ್ಳೆ ಉಳಿದರೆ ಉಳಿಯಲಿ, ಸಮುದ್ರ ಅಲ್ವಾ! ಮೇಲೆ ಒಂದು ಇಂಚು ಖಾಲಿ ಬಿಡುತ್ತೇನೆ. ಪಾತ್ರೆ ಬೆಚ್ಚಗಿರುವಾಗಲೇ ಹಳೇ ಪೇಪರಿನಿಂದ ಒರೆಸಿಬಿಡಬೇಕು. ಸಿಂಕಿಗೆ ಸುರಿದರೆ ಪೈಪಿನಲ್ಲಿ ಮತ್ತೆ ಗಟ್ಟಿಯಾಗುತ್ತದೆ, ಪ್ಲಂಬರ್ ಖರ್ಚು ಬೇರೆ.

ಹಚ್ಚುವ ಮುಂಚೆ ಬತ್ತಿಯನ್ನು ಕಾಲು ಇಂಚಿಗೆ ಕತ್ತರಿಸಬೇಕು. ಎರಡು ಗಂಟೆಗಿಂತ ಜಾಸ್ತಿ ಉರಿಸುವುದಿಲ್ಲ. ಊದಿ ಆರಿಸಿದರೆ ಬಿಸಿ ಜೆಲ್ ಸಿಡಿಯುತ್ತದೆ, ಅದಕ್ಕೇ ಮುಚ್ಚಳ.

ಕಳೆದ ದೀಪಾವಳಿಗೆ ನಮ್ಮ ಅಪಾರ್ಟ್‌ಮೆಂಟಿನವರಿಗೆ ಹನ್ನೊಂದು ಕ್ಯಾಂಡಲ್ ಮಾಡಿ ಕೊಟ್ಟೆ. ಒಂದೊಂದರ ಜೊತೆ ಪಾತ್ರೆ ಅಂಗಡಿಯಿಂದ ತಂದ ಪುಟ್ಟ ಸ್ಟೀಲ್ ಮುಚ್ಚಳ. ಯಾಕೆ, ಹೇಗೆ ಅಂತ ಎಲ್ಲರಿಗೂ ವಿವರಿಸಿ ಹೇಳಿದೆ. ಮೊನ್ನೆ ಕೆಳಗಿನ ಮನೆಯ ಆಂಟಿಯ ಹತ್ತಿರ ಹೋದಾಗ ಕ್ಯಾಂಡಲ್ ಶೋಕೇಸಿನಲ್ಲಿ ಹೊಸದಾಗೇ ಕೂತಿತ್ತು, ಹಚ್ಚಿಯೇ ಇರಲಿಲ್ಲ. "ಅಷ್ಟು ಚೆನ್ನಾಗಿದೆ, ಸುಡೋಕೆ ಮನಸ್ಸು ಬರಲಿಲ್ಲಮ್ಮ" ಅಂದರು. ಮುಚ್ಚಳ ಮಾತ್ರ ಅಡುಗೆಮನೆಯಲ್ಲಿ, ಹಾಲಿನ ಲೋಟದ ಮೇಲಿತ್ತು.