ಬಹುಭುಜಾಕೃತಿಯ ಹೊರಕೋನಗಳು: ನಾನು ಕಂಡುಕೊಂಡ ದಾರಿ

ಬಹುಭುಜಾಕೃತಿಯ ಹೊರಕೋನಗಳನ್ನು ಕಂಡುಹಿಡಿಯಲು ನಾನು ಒಳಕೋನಗಳ ಸೂತ್ರದಿಂದ ಆರಂಭಿಸುವುದಿಲ್ಲ. ಆಕೃತಿಯ ಒಂದು ಬಾಹುವಿನ ಮೇಲೆ ಪೆನ್ಸಿಲನ್ನು ಮಲಗಿಸಿ, ಅದರ ಮೊನೆ ತೋರುವ ದಿಕ್ಕಿನಲ್ಲೇ ಶೃಂಗದವರೆಗೆ, ಅಂದರೆ ಎರಡು ಬಾಹುಗಳು ಸೇರುವ ಮೂಲೆಯವರೆಗೆ, ಸರಿಸಿ, ಅಲ್ಲಿ ಮುಂದಿನ ಬಾಹುವಿಗೆ ಹೊಂದುವಂತೆ ತಿರುಗಿಸುತ್ತೇನೆ. ಅದು ಎಷ್ಟು ತಿರುಗಿತೋ ಅದೇ ಆ ಶೃಂಗದ ಹೊರಕೋನ. ಎಲ್ಲ ಶೃಂಗಗಳನ್ನೂ ದಾಟಿ ಹೊರಟ ಬಾಹುವಿಗೆ ಮರಳುವಾಗ ಪೆನ್ಸಿಲ್ ಒಂದು ಪೂರ್ಣ ಸುತ್ತು ತಿರುಗಿ ಮೊದಲಿನ ದಿಕ್ಕಿಗೇ ಮುಖ ಮಾಡಿರುತ್ತದೆ. ಬಾಹುಗಳು ಮೂರಿರಲಿ, ಮೂವತ್ತಿರಲಿ, ಹೊರಕೋನಗಳ ಮೊತ್ತ 360° ಆಗುವುದು ಈ ಕಾರಣದಿಂದಲೇ.

ಕಾಗದದ ಮೇಲೆ ಇದನ್ನು ಮಾಡುವಾಗ ಎಲ್ಲ ಬಾಹುಗಳನ್ನೂ ಒಂದೇ ಸುತ್ತಿನ ದಿಕ್ಕಿನಲ್ಲಿ ವೃದ್ಧಿಸುತ್ತೇನೆ. ಒಂದು ಶೃಂಗದಲ್ಲಿ ಯಾವ ಬಾಹುವನ್ನು ವೃದ್ಧಿಸಿದರೂ ಸಿಗುವ ಎರಡು ಕೋನಗಳು ಶೃಂಗಾಭಿಮುಖ ಕೋನಗಳಾದ್ದರಿಂದ (ಎರಡು ಗೆರೆಗಳು ಕತ್ತರಿಸಿದಲ್ಲಿ ಎದುರುಬದುರಾಗಿರುವ ಕೋನಗಳು) ಸಮವೇ ಹೌದು. ಆದರೂ ದಿಕ್ಕು ಬೆರೆತರೆ ಒಂದು ಶೃಂಗವನ್ನು ಎರಡು ಸಲ ಎಣಿಸಿ ಇನ್ನೊಂದನ್ನು ಬಿಡುವ ಸಂಭವವಿದೆ. ಒಳಕೋನವನ್ನು 360°ಯಿಂದ ಕಳೆದು ಬರುವುದು ಹೊರಕೋನವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹೊರಕೋನವು ಒಳಕೋನದೊಡನೆ ಸರಳಯುಗ್ಮವಾಗುತ್ತದೆ, ಅಂದರೆ ಎರಡೂ ಒಂದೇ ಸರಳರೇಖೆಯ ಮೇಲೆ ಅಕ್ಕಪಕ್ಕದಲ್ಲಿರುತ್ತವೆ, ಆದ್ದರಿಂದ ಕಳೆಯಬೇಕಾದುದು 180°ಯಿಂದ. ಒಳಕೋನಗಳು 100°, 110°, 120°, 95°, 115° ಇರುವ ಪಂಚಭುಜದಲ್ಲಿ ಹೊರಕೋನಗಳು 80°, 70°, 60°, 85°, 65° ಬರುತ್ತವೆ. ಕೂಡಿದರೆ 360°. ಕೋನಮಾಪಕದಿಂದ ಅಳೆದಾಗ ಮೊತ್ತ ಒಂದೆರಡು ಡಿಗ್ರಿ ಆಚೀಚೆಯಾಗುವುದು ಸಹಜ, ಆದರೆ ಹತ್ತು ಡಿಗ್ರಿಯ ವ್ಯತ್ಯಾಸ ಕಂಡರೆ ಮತ್ತೆ ಅಳೆಯುತ್ತೇನೆ.

ನಿಯಮಿತ ಆಕೃತಿಗಳಲ್ಲಿ ಕೆಲಸ ಸುಲಭ: 360ನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕು, ಪಂಚಭುಜಕ್ಕೆ 72°, ಅಷ್ಟಭುಜಕ್ಕೆ 45°. ಹೊರಕೋನ 24° ಎಂದು ಕೊಟ್ಟಿದ್ದರೆ ಬಾಹುಗಳು 15. 50° ಎಂದು ಕೊಟ್ಟಿದ್ದರೆ ಭಾಗಲಬ್ಧ ಪೂರ್ಣಾಂಕವಾಗದ ಕಾರಣ ಅಂಥ ನಿಯಮಿತ ಬಹುಭುಜವೇ ಇಲ್ಲ.

ನನಗೆ ಹೆಚ್ಚು ಪ್ರಿಯವಾದುದು ಒಳಕ್ಕೆ ತಗ್ಗಿದ ಶೃಂಗವುಳ್ಳ ಆಕೃತಿ. 30°, 40°, 50°, 240° ಒಳಕೋನಗಳಿರುವ ಚತುರ್ಭುಜವನ್ನು ತೆಗೆದುಕೊಂಡರೆ ಮೊದಲ ಮೂರು ಹೊರಕೋನಗಳೇ 150°, 140°, 130° ಸೇರಿ 420° ಆಗಿಬಿಡುತ್ತವೆ, ನಿಯಮ ಮುರಿದಂತೆ ತೋರುತ್ತದೆ. ಆದರೆ ನಾಲ್ಕನೆಯ ಶೃಂಗದಲ್ಲಿ ಪೆನ್ಸಿಲ್ ಹಿಂದಿನ ಮೂರಕ್ಕೆ ವಿರುದ್ಧವಾಗಿ ತಿರುಗುತ್ತದೆ. 180°ಯಿಂದ 240° ಕಳೆದರೆ −60° ಬರುವುದು ಆ ವಿರುದ್ಧ ತಿರುವಿನದೇ ಗುರುತು, ಅದನ್ನು ಚಿಹ್ನೆಸಹಿತ ಕೂಡಿದಾಗ ಮೊತ್ತ 360°ಗೇ ಬಂದು ನಿಲ್ಲುತ್ತದೆ. ಆದರೆ ಬಾಹುಗಳು ಒಂದನ್ನೊಂದು ಕತ್ತರಿಸುವ ಆಕೃತಿಗಳಿಗೆ ಈ ಮೊತ್ತ ಅನ್ವಯಿಸಲೇಬೇಕೆಂದಿಲ್ಲ: ಕೈಯೆತ್ತದೆ ಬರೆಯುವ ನಿಯಮಿತ ಐದು ಮೊನೆಯ ನಕ್ಷತ್ರದಲ್ಲಿ ಪ್ರತಿ ತಿರುವು 144° ಇದ್ದು, ಪೆನ್ಸಿಲ್ ಎರಡು ಪೂರ್ಣ ಸುತ್ತು, ಅಂದರೆ 720° ತಿರುಗುತ್ತದೆ.