ಎನ್‌ಬಿಎ 2ಕೆ ಗೇಮ್‌ನಲ್ಲಿ ತಂಡದ ಮನಸ್ಸು ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಎನ್‌ಬಿಎ 2ಕೆ ಅನ್ನೋ ಬಾಸ್ಕೆಟ್‌ಬಾಲ್ ವಿಡಿಯೋ ಗೇಮ್‌ನಲ್ಲಿ, ನೀವೇ ತಂಡದ ಮ್ಯಾನೇಜರ್ ಆಗುವ ಮೈಜಿಎಂ ಮೋಡ್‌ನಲ್ಲಿ ಒಳ್ಳೆ ರೇಟಿಂಗ್ ಇರುವವರನ್ನೆಲ್ಲ ಗುಡ್ಡೆ ಹಾಕಿಕೊಂಡರೂ ತಂಡ ಸೋಲುತ್ತಿದೆಯಾ? ಮೊದಲು ಮೊರಾಲ್ ಮತ್ತು ಕೆಮಿಸ್ಟ್ರಿ ನೋಡಿ. ಮೊರಾಲ್ ಅಂದರೆ ಒಬ್ಬೊಬ್ಬ ಆಟಗಾರನ ಹುರುಪು, ಕೆಮಿಸ್ಟ್ರಿ ಅಂದರೆ ಇಡೀ ತಂಡದ ಹೊಂದಾಣಿಕೆ.

ಜಾಸ್ತಿ ಮುನಿಸು ಬರುವುದು ಆಡುವ ಸಮಯದ ವಿಷಯಕ್ಕೇ. ಪಂದ್ಯ 48 ನಿಮಿಷ, ಅಂಗಳದಲ್ಲಿ ಐದು ಜನ, ಅಂದರೆ ಹಂಚೋಕೆ ಇರೋದು ಒಟ್ಟು 240 ನಿಮಿಷ ಅಷ್ಟೇ. ಮೂರು ಸ್ಟಾರ್‌ಗಳಿಗೆ ತಲಾ 36 ಕೊಟ್ಟರೆ 108 ಹೋಯಿತು, ಉಳಿದ 132ನ್ನು ಆರು ಜನರಿಗೆ ಹಂಚಿದರೆ ತಲಾ 22 ಬರುತ್ತದೆ, ಇಷ್ಟರಲ್ಲಿ ಯಾರಿಗೂ ದೊಡ್ಡ ಬೇಸರ ಇರಲ್ಲ. ಅದೇ ತಾನು ಸ್ಟಾರ್ಟರ್ (ಪಂದ್ಯದ ಶುರುವಿನಿಂದಲೇ ಆಡುವವನು) ಅಂದುಕೊಂಡಿರುವ ನಾಲ್ಕನೆಯವನನ್ನು ತಂದು ಬೆಂಚಿನಲ್ಲಿ ಕೂರಿಸಿದಿರೋ, ಅವನ ಮೊರಾಲ್ ಇಳಿಯೋಕೆ ಶುರು. ಹಾಗಾಗಿ ಟ್ರೇಡ್ (ಬೇರೆ ತಂಡದ ಜೊತೆ ಆಟಗಾರರ ಅದಲುಬದಲು) ಮಾಡುವ ಮುಂಚೆಯೇ ಅವನಿಗೆ ಯಾವ ಪಾತ್ರ, ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ. ನನ್ನ ಪ್ರಕಾರ ರೇಟಿಂಗ್ ಸ್ವಲ್ಪ ಕಮ್ಮಿ ಇದ್ದರೂ ಬೆಂಚಿನಿಂದ ಬಂದು ಖುಷಿಯಾಗಿ ಆಡುವವನೇ ವಾಸಿ.

ಆಟಗಾರ ಮಾತಾಡೋಕೆ ಬಂದಾಗ ಸುಮ್ನೆ ಸಮಾಧಾನಕ್ಕೆ ಭರವಸೆ ಕೊಡಬೇಡಿ. ಕೊಟ್ಟರೆ ಅವತ್ತೇ ರೊಟೇಷನ್ (ಯಾರು ಎಷ್ಟು ನಿಮಿಷ ಆಡಬೇಕು ಅನ್ನೋ ಪಟ್ಟಿ) ತೆರೆದು ಅವನ ನಿಮಿಷ ಬದಲಿಸಿ, ಆಮೇಲೆ ಅಂದರೆ ಮರೆತುಹೋಗುತ್ತದೆ.

ಸೀಸನ್ ನಡುವೆ ಪದೇಪದೇ ಟ್ರೇಡ್ ಬೇಡ. ಹೊಸಬರು ಹೊಂದಿಕೊಳ್ಳೋಕೆ ಟೈಮ್ ಬೇಕು, ಅಲ್ವಾ? ಕೋಚ್‌ನ ಸಿಸ್ಟಂ, ಅಂದರೆ ಆಡಿಸುವ ಶೈಲಿ, ನಿಮ್ಮ ಆಟಗಾರರಿಗೆ ಒಗ್ಗುತ್ತದಾ ಅಂತಲೂ ನೋಡಿ. ಪೋಸ್ಟ್‌ನಲ್ಲಿ, ಅಂದರೆ ಬುಟ್ಟಿಯ ಹತ್ತಿರ, ಆಡುವ ದೈತ್ಯರನ್ನು ಇಟ್ಟುಕೊಂಡು ಓಟದ ಆಟ ಆಡಿಸಿದರೆ ಯಾರಿಗೂ ಸುಖವಿಲ್ಲ.