ಟಗರು ಮಾರುವ ಮುಂಚೆ ನಾನು ಅಳೆಯುವುದು

ಅಮೀನಗಡದ ಸಂತೆಯಲ್ಲಿ ದಲ್ಲಾಳಿಯ ಕಣ್ಣು ಮೊದಲು ಬೀಳುವುದು ದೊಡ್ಡ ಟಗರು ಮರಿಯ ಮೇಲೆ. ಬಕ್ರೀದ್ ಹತ್ತಿರ ಬಂದರಂತೂ ಕೇಳಿದ ರೇಟು ಸಿಗುತ್ತದೆ, ನಾವೂ ಕೊಟ್ಟುಬಿಡುತ್ತೇವೆ. ಬೇಗ ಬೆಳೆದದ್ದೆಲ್ಲ ಹೀಗೆ ಹೋಗುತ್ತದೆ. ಯಾರೂ ಕೇಳದೆ ಉಳಿದ ಟಗರೇ ಮುಂದಿನ ಮರಿಗಳಿಗೆ ತಂದೆ. ಮರಿಗಳು ಸಣ್ಣವಾದರೆ ಮೇವನ್ನಷ್ಟೇ ಬೈದರೆ ಹೇಗೆ?

ನಮ್ಮದು ಹುನಗುಂದ ತಾಲ್ಲೂಕು. ಹಿಂಡಿನಲ್ಲಿ ಯಳಗ ತಳಿಯ ಕುರಿಗಳೇ ಜಾಸ್ತಿ. ಮೂರು ತಿಂಗಳ ತೂಕ ನೋಡದೆ ಈಗ ಒಂದು ಟಗರು ಮರಿಯನ್ನೂ ಮಾರುವುದಿಲ್ಲ.

ಮರಿ ಹುಟ್ಟಿ ಮೈ ಒಣಗಿದ ಮೇಲೆ, ಅದೇ ದಿನ ಗೋಣಿಚೀಲದ ಜೋಳಿಗೆಯಲ್ಲಿ ಕೂರಿಸಿ ನೇತಾಡುವ ಡಿಜಿಟಲ್ ತಕ್ಕಡಿಗೆ ಸಿಕ್ಕಿಸುತ್ತೇನೆ. ಕಿವಿಗೆ ನಂಬರಿನ ಓಲೆ. ಪುಸ್ತಕದಲ್ಲಿ ತಾಯಿಯ ನಂಬರು, ತಾರೀಕು, ಒಂಟಿಯೋ ಅವಳಿಯೋ ಎಂದು ಬರೆಯುತ್ತೇನೆ. ಮುಂದಿನ ತೂಕವೆಲ್ಲ ಬೆಳಿಗ್ಗೆ, ಮೇಯಲು ಬಿಡುವ ಮುಂಚೆಯೇ. ಮೇದು ನೀರು ಕುಡಿದು ಬಂದ ಕುರಿಯನ್ನು ತೂಗಿದರೆ ಹೊಟ್ಟೆಯನ್ನೇ ತೂಗಿದ ಹಾಗೆ.

ಎಲ್ಲ ಮರಿಗೂ ಒಂದೇ ದಿನ 90 ದಿನ ತುಂಬುವುದಿಲ್ಲ ಅಲ್ವಾ? ಅದಕ್ಕೊಂದು ಲೆಕ್ಕವಿದೆ. ಹುಟ್ಟಿದಾಗ 3 ಕಿಲೋ ಇದ್ದ ಮರಿ 100ನೇ ದಿನಕ್ಕೆ 17 ಕಿಲೋ ಆಗಿದೆ ಅನ್ನಿ. ಬೆಳೆದದ್ದು 14 ಕಿಲೋ, ದಿನಕ್ಕೆ 140 ಗ್ರಾಂ. 90 ದಿನಕ್ಕೆ 12.6, ಹುಟ್ಟಿದ ತೂಕ ಸೇರಿಸಿ 15.6. ಹೋಲಿಸುವುದು ಈ ಅಂಕಿಯನ್ನು.

ಆಮೇಲೂ ಒಂಟಿಯನ್ನು ಅವಳಿಯ ಜೊತೆ ನಿಲ್ಲಿಸಬಾರದು. ಅವಳಿ ಮರಿ ಹಾಲು ಹಂಚಿಕೊಂಡು ಬೆಳೆದಿರುತ್ತದೆ. ಅವಳಿಗಳಲ್ಲಿ ಮುಂದಿರುವುದು ಒಂಟಿಗಿಂತ ಸಣ್ಣದಾಗಿ ಕಂಡರೂ ನಾನು ಅದನ್ನು ಬಿಟ್ಟುಕೊಡುವುದಿಲ್ಲ. ಮಳೆಗಾಲದ ಹಸಿರಿನಲ್ಲಿ ಬೆಳೆದದ್ದಕ್ಕೂ ಬೇಸಿಗೆಯ ಮರಿಗೂ, ಮೊದಲ ಸೂಲಿನ ತಾಯಿಯ ಮರಿಗೂ ಬಲಿತ ತಾಯಿಯದಕ್ಕೂ ಇದೇ ಮಾತು. "ಪುಸ್ತಕ ನೋಡಿ ಟಗರು ಆರಿಸ್ತಿ ಏನೋ ತಮ್ಮಾ?" ಎಂದು ಕಾಕಾ ನಗುತ್ತಾರೆ. ನಗಲಿ ಬಿಡಿ. ಕಣ್ಣಿಗೆ ದೊಡ್ಡದು ಕಾಣುತ್ತದೆ, ಯಾಕೆ ದೊಡ್ಡದಾಯಿತು ಅನ್ನುವುದು ಕಾಣುವುದಿಲ್ಲ.

ಕಷ್ಟದ್ದೆಂದರೆ ತಂದೆ ಯಾರೆಂದು ತಿಳಿಯುವುದು. ಎರಡು ಟಗರು ಒಟ್ಟಿಗೆ ಬಿಟ್ಟರೆ ಮುಗಿಯಿತು. ಕುರಿ ಬೆದೆಗೆ ಬರುವ ಹೊತ್ತಿಗೆ ಹಿಂಡನ್ನು ಎರಡು ಮಾಡಿ, ಒಂದೊಂದಕ್ಕೆ ಒಂದೇ ಟಗರು ಬಿಡುತ್ತೇನೆ. ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು. ಟಗರು ಹಾರಿದ ಕುರಿಯ ಬೆನ್ನ ಮೇಲೆ ಗುರುತು ಬೀಳುತ್ತದೆ, ತಾರೀಕು ಬರೆದಿಟ್ಟರೆ ಐದು ತಿಂಗಳಿಗೆ ಮರಿ. ಸುಮಾರು 17 ದಿನಕ್ಕೆ ಮತ್ತೆ ಗುರುತು ಬಿದ್ದರೆ ಗಬ್ಬ ನಿಂತಿಲ್ಲ. ಒಂದೇ ಟಗರಿಗೆ ಬಿಟ್ಟ ಕುರಿಗಳೆಲ್ಲ ತಿರುಗಿ ಬೆದೆಗೆ ಬರುತ್ತಿದ್ದರೆ ಟಗರನ್ನೇ ನೋಡಬೇಕು.

ಕೊನೆಗೆ ಉಳಿದ ಎರಡು ಮೂರು ಟಗರುಗಳ ಬಾಯಿ ತೆರೆದು ನೋಡುತ್ತೇನೆ. ಕೆಳದವಡೆ ಮುಂದೆ ಚಾಚಿದ್ದರೆ ಬೇಡ. ಬೀಜದ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯುತ್ತೇನೆ. ಒಂದು ದೊಡ್ಡ, ಒಂದು ಸಣ್ಣ ಇದ್ದರೂ ಬೇಡ. ಕೊಂಬಿನ ತಿರುವು ಕಾಳಗದವರಿಗೆ ಬೇಕು, ನನಗಲ್ಲ.

ಟಗರನ್ನು ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟರೆ ಅದರ ಹೆಣ್ಣು ಮರಿಗಳೇ ಅದಕ್ಕೆ ಸಿಗುತ್ತವೆ. ಹಾಗಾಗಿ ಪಕ್ಕದೂರಿನ ಒಂದು ಹಿಂಡಿನ ಜೊತೆ ಅದಲುಬದಲು ಮಾಡಿಕೊಳ್ಳುತ್ತೇವೆ. ಅವರಿಗೆ ನೀರಾವರಿ ಇದೆ, ಮೇವೂ ಚೆನ್ನಾಗಿದೆ. ಅಲ್ಲಿನ 16 ಕಿಲೋ ಮರಿ ನಮ್ಮ 16 ಕಿಲೋ ಮರಿಗೆ ಸಮ ಅಲ್ಲ. ತಮ್ಮ ಹಿಂಡಿನ ಸರಾಸರಿಗಿಂತ ಅದು ಎಷ್ಟು ಮೇಲಿದೆ ಎಂದಷ್ಟೇ ಅವರನ್ನು ಕೇಳುತ್ತೇನೆ.